ಫ್ಯಾನಿಗೆ ಬಡಿದ ಹಕ್ಕಿಗೆ ಮೊದಲು ಬೇಕಾದದ್ದು ಔಷಧಿ ಅಲ್ಲ

ಸಾಕುಪ್ರಾಣಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಕ್ಕಿಗಳದ್ದೇ ಜಾಸ್ತಿ, ಅದರಲ್ಲೂ ಪೆಟ್ಟಾದ ಹಕ್ಕಿಗಳದ್ದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವನ್ನು ಆರಿಸಿ ಒಟ್ಟಿಗೆ ಉತ್ತರ ಕೊಟ್ಟಿದ್ದೇನೆ. ನಾಯಿ, ಬೆಕ್ಕು ಸಾಕಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದೇ.

ಪ್ರಶ್ನೆ: ಡಾಕ್ಟರ್ ಸರ್, ನಮ್ಮ ಮನೆಯಲ್ಲಿ ಒಂದು ಜೋಡಿ ಲವ್ ಬರ್ಡ್ಸ್ ಇವೆ. ಮಗಳು ಪಂಜರದ ಬಾಗಿಲು ತೆಗೆದಾಗ ಒಂದು ಹೊರಗೆ ಹಾರಿ, ತಿರುಗುತ್ತಿದ್ದ ಫ್ಯಾನಿಗೆ ಬಡಿದು ಬಿತ್ತು. ಬಲ ರೆಕ್ಕೆ ಜೋತುಬಿದ್ದಿದೆ, ಸ್ವಲ್ಪ ರಕ್ತ ಬಂತು. ಅತ್ತೆಯವರು ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದರು, ಚಮಚದಲ್ಲಿ ನೀರು ಕುಡಿಸಲು ನೋಡಿದರು. ಈಗ ಮೈ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಮೂಲೆಯಲ್ಲಿ ಕೂತಿದೆ. ರೆಕ್ಕೆಗೆ ಊದಿನಕಡ್ಡಿ ಇಟ್ಟು ಕಟ್ಟಬಹುದಾ?
— ಗೃಹಿಣಿ, ಮಾಳಮಡ್ಡಿ, ಧಾರವಾಡ

ಉತ್ತರ: ಕಡ್ಡಿ ಕಟ್ಟಬೇಡಿ. ಇಮೇಲ್ ಬಂದ ದಿನವೇ ಇವರಿಗೆ ಫೋನ್ ಮಾಡಿ ಇಷ್ಟನ್ನು ಹೇಳಿದ್ದೆ, ಮಾರನೇ ದಿನ ಹಕ್ಕಿಯನ್ನು ಕ್ಲಿನಿಕ್ಕಿಗೇ ತಂದರು. ಹಾಗಾಗಿ ನಡೆದದ್ದನ್ನೇ ಬರೆಯುತ್ತೇನೆ, ಉಳಿದವರಿಗೂ ಉಪಯೋಗಕ್ಕೆ ಬರುತ್ತದೆ.

ಇವರು ಲವ್ ಬರ್ಡ್ ಅಂದದ್ದು ಬಜರಿಗರ್ ಅನ್ನುವ ಪುಟ್ಟ ಗಿಳಿ. ತೂಕ 35 ಗ್ರಾಂ ಆಸುಪಾಸು. ಹಕ್ಕಿಯ ಮೈಯಲ್ಲಿ ರಕ್ತ ಇರುವುದು ಅದರ ತೂಕದ ಹತ್ತನೇ ಒಂದು ಪಾಲು, ಅಂದರೆ ಈ ಹಕ್ಕಿಯಲ್ಲಿ ಮೂರೂವರೆ ಎಂಎಲ್. ಟೀ ಚಮಚವೂ ತುಂಬುವುದಿಲ್ಲ. ಆರೇಳು ಹನಿ ಹೋದರೆ ತಡೆದುಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಹೋದರೆ ಕಷ್ಟ. ಹಾಗಾಗಿ ರಕ್ತ ಸೋರುತ್ತಿದ್ದರೆ ಮೊದಲ ಕೆಲಸ ಅದನ್ನು ನಿಲ್ಲಿಸುವುದು. ಸ್ವಚ್ಛ ಹತ್ತಿ ಬಟ್ಟೆಯನ್ನು ಗಾಯದ ಮೇಲಿಟ್ಟು ಬೆರಳಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿ.

ಆಮೇಲೆ? ಆಮೇಲೆ ಕೈ ಬಿಡಿ. ಇದನ್ನು ಹೇಳಿದರೆ ಜನಕ್ಕೆ ಸಿಟ್ಟು ಬರುತ್ತದೆ, ಸುಮ್ನೆ ಕೂತು ನೋಡಬೇಕಾ ಅಂತ. ಆದರೆ ಪೆಟ್ಟಾದ ಪುಟ್ಟ ಹಕ್ಕಿ ಮೊದಲ ಕೆಲವು ಗಂಟೆಗಳಲ್ಲಿ ಸಾಯುವುದು ಬಹಳ ಸಲ ಮುರಿದ ಎಲುಬಿನಿಂದ ಅಲ್ಲ. ಶಾಕ್, ಮೈ ತಣ್ಣಗಾಗುವುದು, ಜೊತೆಗೆ ನಮ್ಮ ಕೈಗಳ ಹೆದರಿಕೆ, ಇವುಗಳಿಂದ. ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಎತ್ತಿ ನೋಡುವುದು, ಮಕ್ಕಳ ಗದ್ದಲ, ಮೊಬೈಲಿನ ಟಾರ್ಚ್ ಹಿಡಿದು ವಿಡಿಯೋ ಮಾಡುವುದು. ಆ ಹಕ್ಕಿಗೆ ನಾವೆಲ್ಲ ತಿನ್ನಲು ಬಂದ ಪ್ರಾಣಿಗಳೇ.

ಒಂದು ರಟ್ಟಿನ ಡಬ್ಬಿ ತೆಗೆದುಕೊಳ್ಳಿ, ಚಪ್ಪಲಿ ಡಬ್ಬಿ ಆದರೂ ನಡೆಯುತ್ತದೆ. ಗಾಳಿಗೆ ನಾಲ್ಕು ತೂತು, ತಳಕ್ಕೆ ಹಳೇ ಬಟ್ಟೆ, ಹಕ್ಕಿ ಒಳಗೆ, ಮುಚ್ಚಳ ಮುಚ್ಚಿ, ಸದ್ದಿಲ್ಲದ ಕೋಣೆ. ಒಳಗಿನ ಬಿಸಿ 30 ಡಿಗ್ರಿ ಹತ್ತಿರ ಇರಲಿ. ಹಕ್ಕಿಯ ಮೈ ಬಿಸಿಯೇ 40ರಿಂದ 42 ಡಿಗ್ರಿ. ಅದನ್ನು ಕಾಯ್ದುಕೊಳ್ಳಲು ಅದು ಗರಿ ಉಬ್ಬಿಸಿ ಕೂರುತ್ತದೆ, ಇರುವ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಧಾರವಾಡದ ಮಳೆಗಾಲದಲ್ಲಂತೂ ಬೆಚ್ಚಗಿಡಲೇಬೇಕು. ಬಲ್ಬ್ ಇಡುವವರು ಗಮನಿಸಿ, ಎಲ್‌ಇಡಿ ಬಲ್ಬ್ ಇಟ್ಟು ಬೆಚ್ಚಗಾಯಿತು ಅಂದುಕೊಳ್ಳುವವರು ಇತ್ತೀಚೆಗೆ ಜಾಸ್ತಿ. ಅದು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೇ ನಮೂನೆಯ 40 ವ್ಯಾಟ್ ಬಲ್ಬ್ ಬೇಕು, ಅದೂ ಡಬ್ಬಿಯ ಹೊರಗೆ, ಒಂದು ಬದಿಗೆ ಮಾತ್ರ. ಬಿಸಿ ಜಾಸ್ತಿ ಅನ್ನಿಸಿದರೆ ಹಕ್ಕಿಗೆ ಇನ್ನೊಂದು ಬದಿಗೆ ಸರಿಯಲು ಜಾಗ ಇರಬೇಕಲ್ವಾ. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಏಪ್ರಿಲ್-ಮೇ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ ಇದ್ಯಾವುದೂ ಬೇಡ. ಬಾಯಿ ತೆರೆದು, ರೆಕ್ಕೆ ಅಗಲಿಸಿ ಉಸಿರಾಡುತ್ತಿದ್ದರೆ ಅದಕ್ಕೆ ಸೆಕೆ ಆಗಿದೆ ಅಂತ ಅರ್ಥ.

ಅರಿಶಿನ-ಎಣ್ಣೆ ವಿಷಯ. ಅತ್ತೆಯವರ ಮೇಲೆ ನನಗೇನೂ ಸಿಟ್ಟಿಲ್ಲ, ಮನುಷ್ಯರ ಗಾಯಕ್ಕೆ ನಾವು ಮಾಡುವುದನ್ನೇ ಅವರು ಮಾಡಿದ್ದಾರೆ. ಆದರೆ ಎಣ್ಣೆ ಹತ್ತಿದ ಗರಿ ಒಂದಕ್ಕೊಂದು ಅಂಟಿ ಚಪ್ಪಟೆಯಾಗುತ್ತದೆ, ಒಳಗಿನ ಶಾಖ ನಿಲ್ಲುವುದಿಲ್ಲ, ಹಕ್ಕಿ ಇನ್ನೂ ತಣ್ಣಗಾಗುತ್ತದೆ. ತುಪ್ಪ, ವಿಕ್ಸ್, ಮುಲಾಮು ಎಲ್ಲಕ್ಕೂ ಇದೇ ಮಾತು. ಚಮಚದ ನೀರು ಇನ್ನೂ ಅಪಾಯ. ಹಕ್ಕಿಗೆ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ, ಬಾಯಿ ತೆರೆಸಿ ನೀರು ಹುಯ್ದರೆ ನೇರ ಅಲ್ಲಿಗೇ ಹೋಗುತ್ತದೆ. ಎಚ್ಚರ ಇದ್ದು ತಾನಾಗಿ ಕುಡಿದರೆ ಕುಡಿಯಲಿ, ಇಲ್ಲದಿದ್ದರೆ ಬಿಡಿ. ಇನ್ನು ಬ್ರಾಂದಿ ಹನಿ ಹಾಕಿದ್ದೆ ಅನ್ನುವವರೂ ಬರುತ್ತಾರೆ, ಅವರಿಗೆ ಏನು ಹೇಳುವುದೋ ನನಗೆ ತೋಚುವುದಿಲ್ಲ.

ಇವರು ಹಕ್ಕಿಯನ್ನು ತಂದದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಒಳ್ಳೆಯದೇ, ಆಟೋದಷ್ಟು ಕುಲುಕುವುದಿಲ್ಲ. ಆದರೆ ಅದರಲ್ಲಿ ಎಸಿ ಇರುತ್ತದೆ, ಡಬ್ಬಿಯ ಮೇಲೆ ಟವೆಲ್ ಹೊದಿಸಿ ತನ್ನಿ ಅಂದಿದ್ದೆ, ತಂದರು. ಬಂದ ಕೂಡಲೇ ನಾನು ಹಕ್ಕಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಡಬ್ಬಿಯನ್ನು ಒಳಗೆ ಬೆಚ್ಚಗೆ ಇಟ್ಟು ಬೇರೆ ಕೆಲಸ ನೋಡಿದೆ. ಹೊರಗೆ ಕೂತವರಿಗೆ ಡಾಕ್ಟರ್ ಕಾಯಿಸುತ್ತಿದ್ದಾರೆ ಅನ್ನಿಸಿರಬಹುದು, ಆದರೆ ಆ ಅರ್ಧ ಗಂಟೆಯೇ ಅದಕ್ಕೆ ಮೊದಲ ಚಿಕಿತ್ಸೆ. ಆಮೇಲೆ ಮುಟ್ಟದೆ ದೂರದಿಂದ ನೋಡಿದೆ. ಉಸಿರಿಗೆ ತಕ್ಕಂತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಉಸಿರಾಟ ಕಷ್ಟವಾಗಿದೆ ಅಂತ ಲೆಕ್ಕ. ಇದಕ್ಕೆ ಹಾಗಿರಲಿಲ್ಲ. ದೀಪ ಕಡಿಮೆ ಮಾಡಿ ತೆಳು ಬಟ್ಟೆಯಲ್ಲಿ ಹಿಡಿದೆ. ಹಿಡಿಯುವುದರಲ್ಲೂ ಒಂದು ಎಚ್ಚರ ಬೇಕು. ನಮಗೆ ಎದೆ-ಹೊಟ್ಟೆ ನಡುವೆ ಇರುವ ವಪೆ ಹಕ್ಕಿಗೆ ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದಕ್ಕೆ ಉಸಿರು. ಹಾರಿಹೋಗುತ್ತದೆ ಅಂತ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದರೆ ಕೈಯಲ್ಲೇ ಉಸಿರು ಕಟ್ಟಿ ಸಾಯುತ್ತದೆ. ತಲೆಯನ್ನು ಎರಡು ಬೆರಳ ನಡುವೆ ಹಿಡಿಯಿರಿ, ಎದೆಯನ್ನು ಸಡಿಲ ಬಿಡಿ.

ಮುರಿದದ್ದು ಮೊಣಕೈ ಕೆಳಗಿನ ಎರಡು ಎಲುಬುಗಳಲ್ಲಿ ಒಂದು. ಇದು ಅದೃಷ್ಟ, ಯಾಕೆಂದರೆ ಮುರಿಯದ ಇನ್ನೊಂದು ಎಲುಬೇ ಪಟ್ಟಿಯ ಕೆಲಸ ಮಾಡುತ್ತದೆ. ಭುಜದ ಕಡೆಯ ದೊಡ್ಡ ಎಲುಬು ಮುರಿದಿದ್ದರೆ ಕಥೆ ಬೇರೆ. ಆ ಎಲುಬು ಟೊಳ್ಳು, ಒಳಗಿನ ಗಾಳಿ ಚೀಲಕ್ಕೆ ಸೇರಿಕೊಂಡಿರುತ್ತದೆ. ಅಲ್ಲಿ ಗಾಯ ತೆರೆದುಕೊಂಡಿದ್ದಾಗ ತೊಳೆಯುತ್ತೇನೆ ಅಂತ ಸಿರಿಂಜಿನಲ್ಲಿ ನೀರು ಹೊಡೆದರೆ ಅದು ಉಸಿರಿನ ದಾರಿಗೇ ಇಳಿಯುತ್ತದೆ. ಮನೆಯಲ್ಲಿ ನೀವು ಯಾವ ಎಲುಬು ಅಂತ ಗುರುತಿಸಲು ಆಗುವುದಿಲ್ಲ, ಅದಕ್ಕೇ ತೊಳೆಯಲೂ ಬೇಡಿ, ಕಟ್ಟಲೂ ಬೇಡಿ ಅನ್ನುವುದು.

ಚರ್ಮದ ಕೆಳಗೆ ಸ್ವಲ್ಪ ಬೆಚ್ಚಗಿನ ಸಲೈನ್, ತೂಕಕ್ಕೆ ಲೆಕ್ಕ ಹಾಕಿ ಮೆಲಾಕ್ಸಿಕಮ್ ಅನ್ನುವ ನೋವಿನ ಔಷಧಿ, ಎಂಟರ ಆಕಾರದಲ್ಲಿ ಸುತ್ತುವ ಪಟ್ಟಿ, ಇಷ್ಟೇ ನಾನು ಮಾಡಿದ್ದು. ಈ ಪಟ್ಟಿ ತನಗೆ ತಾನೇ ಅಂಟುತ್ತದೆ, ಗರಿಗೆ ಅಂಟುವುದಿಲ್ಲ. ಗಾಯಕ್ಕೆ ಹಚ್ಚುವ ಸಾದಾ ಅಂಟುಪಟ್ಟಿ ಸುತ್ತಿಕೊಂಡು ಬಂದ ಹಕ್ಕಿಗಳಲ್ಲಿ ಅದನ್ನು ಬಿಚ್ಚುವುದೇ ಎಲುಬು ಕೂಡಿಸುವುದಕ್ಕಿಂತ ದೊಡ್ಡ ಕೆಲಸ. ಹಕ್ಕಿಯ ಎಲುಬು ನಮ್ಮದಕ್ಕಿಂತ ಬೇಗ ಕೂಡುತ್ತದೆ, ಸುಮಾರು ಮೂರು ವಾರ ಸಾಕು. ಆದರೆ ಇನ್ನೂ ನಾಲ್ಕು ದಿನ ಇರಲಿ ಅಂತ ಬಿಟ್ಟರೆ ಕೀಲು ಬಿಗಿದುಕೊಂಡು ರೆಕ್ಕೆ ಬಿಚ್ಚದಂತಾಗುತ್ತದೆ. ವಾರಕ್ಕೊಮ್ಮೆ ತಂದು ತೋರಿಸಲೇಬೇಕು.

ಮನೆಯಲ್ಲಿ ಪಂಜರದೊಳಗೆ ಹಕ್ಕಿ ಕೂರುವ ಕೋಲುಗಳನ್ನೆಲ್ಲ ತೆಗೆಸಿದೆ, ತಳಕ್ಕೆ ಕಾಗದ, ನವಣೆ-ಸಜ್ಜೆ ಚಪ್ಪಟೆ ಮುಚ್ಚಳದಲ್ಲಿ, ನೀರೂ ಹಾಗೇ. ಜೊತೆಗಾರನನ್ನು ಬೇರೆ ಪಂಜರದಲ್ಲಿ, ಆದರೆ ಕಣ್ಣಿಗೆ ಕಾಣುವಂತೆ. ದಿನಾ ಬೆಳಿಗ್ಗೆ ತೂಕ ನೋಡಿ ಅಂದಾಗ ಅವರು ನಕ್ಕರು. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಹಕ್ಕಿ ತಾನು ಹುಷಾರಿಲ್ಲ ಅನ್ನುವುದನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ತಿಂದಂತೆ ನಟಿಸಿ ಹೊಟ್ಟು ಮಾತ್ರ ಉದುರಿಸುತ್ತದೆ. ತಕ್ಕಡಿ ಸುಳ್ಳು ಹೇಳುವುದಿಲ್ಲ, 35 ಗ್ರಾಂ ಹಕ್ಕಿ 31ಕ್ಕೆ ಇಳಿದರೆ ಆವತ್ತೇ ಫೋನ್ ಮಾಡಬೇಕು.

ಪಟ್ಟಿ ಬಿಚ್ಚಿದಾಗ ಎಲುಬು ಕೂಡಿತ್ತು. ಹಾರುವಾಗ ಇನ್ನೂ ಬಲಕ್ಕೆ ವಾಲುತ್ತದಂತೆ. ಅದು ಹಾಗೇ ಉಳಿಯಲೂಬಹುದು, ಪಂಜರದ ಹಕ್ಕಿಗೆ ಅದರಿಂದ ತೊಂದರೆ ಇಲ್ಲ.

ಪ್ರಶ್ನೆ: ನಮ್ಮ ಕಾಕಟೀಲ್ (ಜುಟ್ಟಿನ ಪುಟ್ಟ ಗಿಳಿ) ಮಧ್ಯರಾತ್ರಿ ಇದ್ದಕ್ಕಿದ್ದಂತೆ ಪಂಜರದಲ್ಲಿ ಪಟಪಟ ಬಡಿದುಕೊಂಡಿತು. ದೀಪ ಹಾಕಿ ನೋಡಿದರೆ ರೆಕ್ಕೆಯ ಒಂದು ಗರಿಯಿಂದ ರಕ್ತ. ಬೆಕ್ಕು, ಇಲಿ ಏನೂ ಇರಲಿಲ್ಲ. ಏನಿದು?
— ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕಾಕಟೀಲ್‌ಗಳಿಗೆ ಇದೊಂದು ಸ್ವಭಾವ. ಕತ್ತಲಲ್ಲಿ ಸಣ್ಣ ಸದ್ದಾದರೂ, ಹಲ್ಲಿ ಹರಿದರೂ ಬೆಚ್ಚಿಬಿದ್ದು ಒದ್ದಾಡುತ್ತವೆ. ಆಗ ಹೊಸದಾಗಿ ಬರುತ್ತಿರುವ ಗರಿ ಮುರಿಯುತ್ತದೆ. ಬೆಳೆಯುವ ಗರಿಯ ಬುಡದಲ್ಲಿ ರಕ್ತ ಓಡುತ್ತಿರುತ್ತದೆ, ನೋಡಿದರೆ ಬುಡ ಕಪ್ಪು-ನೀಲಿ ಕಾಣುತ್ತದೆ. ಮುರಿದ ತುದಿಗೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಅಥವಾ ಮೈದಾ ಹಾಕಿ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಉಗುರು ಮುರಿದು ರಕ್ತ ಬಂದರೂ ಇದೇ. ತೆರೆದ ಗಾಯಕ್ಕೆ ಮಾತ್ರ ಹಿಟ್ಟು ತುಂಬಬೇಡಿ. ಆ ಗರಿಯನ್ನು ಕಿತ್ತುಹಾಕಿ ಅಂತ ಕೆಲವರು ಹೇಳುತ್ತಾರೆ, ನೀವು ಕೀಳಬೇಡಿ. ವಿಪರೀತ ನೋವಾಗುತ್ತದೆ, ಬುಡ ಹಾಳಾದರೆ ಮುಂದೆ ಗರಿ ವಕ್ರವಾಗಿ ಬರುತ್ತದೆ. ಹತ್ತು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ರಾತ್ರಿ ಒಂದು ಜೀರೋ ಬಲ್ಬ್ ಉರಿಯುತ್ತಿರಲಿ, ಅರ್ಧಕ್ಕರ್ಧ ತೊಂದರೆ ತಪ್ಪುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಬಹಳ ವರ್ಷದಿಂದ ಒಂದು ಗಿಳಿ ಸಾಕಿದ್ದಾರೆ, ನಮ್ಮ ಊರಿನ ಹಸಿರು ಗಿಳಿ. ನಿನ್ನೆ ಬೆಕ್ಕು ಪಂಜರದ ಸರಳಿನ ನಡುವೆ ಪಂಜಾ ಹಾಕಿ ಹಿಡಿದಿತ್ತು. ಬಿಡಿಸಿದೆವು, ಎರಡು ಗರಿ ಕಿತ್ತಿವೆ ಅಷ್ಟೇ, ಗಾಯ ಕಾಣುವುದಿಲ್ಲ. ಆದರೆ ಮಂಕಾಗಿದೆ. ಗಿಳಿ ಸಾಕುವುದು ಅಪರಾಧ, ಆಸ್ಪತ್ರೆಗೆ ಒಯ್ದರೆ ಕೇಸ್ ಹಾಕುತ್ತಾರೆ ಅಂತ ಕಾಕಾ ಹೆದರಿಸುತ್ತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಬೆಟಗೇರಿ

ಉತ್ತರ: ಮೊದಲು ಬೆಕ್ಕಿನ ವಿಷಯ, ಆಮೇಲೆ ಕಾನೂನು.

ಗಾಯ ಕಾಣುವುದಿಲ್ಲ ಅನ್ನುವುದೇ ಇಲ್ಲಿ ಮೋಸ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡುತ್ತದೆ, ಗರಿಯ ಅಡಿಯಲ್ಲಿ ಅದು ಮುಚ್ಚಿಹೋಗುತ್ತದೆ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದು ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಹಕ್ಕಿಯ ಕಥೆ ಮುಗಿದುಹೋಗುತ್ತದೆ. ಅದಕ್ಕೇ ಬೆಕ್ಕು ಹಿಡಿದ ಹಕ್ಕಿಗೆ ಗಾಯ ಕಂಡರೂ ಕಾಣದಿದ್ದರೂ ಆವತ್ತೇ ಆ್ಯಂಟಿಬಯೋಟಿಕ್ ಶುರು ಮಾಡಬೇಕು, ಡೋಸ್ ಡಾಕ್ಟರೇ ಹೇಳಬೇಕು. ನಿನ್ನೆ ಸಿಕ್ಕಿಬಿದ್ದು ಇವತ್ತು ಮಂಕಾಗಿದೆ ಅಂದರೆ ನನಗೆ ಈಗಾಗಲೇ ತಡವಾಗಿದೆ ಅನ್ನಿಸುತ್ತದೆ. ಈ ಕಾರಣಕ್ಕೇ ನಿಮ್ಮ ಇಮೇಲಿಗೆ ಕೂಡಲೇ ಎರಡು ಸಾಲು ಬರೆದು ಕಳಿಸಿದ್ದೆ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಸರ್ಕಾರಿ ಪಶು ಆಸ್ಪತ್ರೆಯೂ ಇದೆ. ಮೊದಲು ಫೋನ್ ಮಾಡಿ, ಹಕ್ಕಿ ನೋಡುವ ಡಾಕ್ಟರ್ ಯಾವ ಹೊತ್ತಿಗೆ ಇರುತ್ತಾರೆ ಅಂತ ಕೇಳಿಕೊಂಡು ಹೋಗಿ. ದನ-ಎಮ್ಮೆ ನೋಡಿ ಪಳಗಿದ ಎಲ್ಲರಿಗೂ ಹಕ್ಕಿಯ ಅಭ್ಯಾಸ ಇರುವುದಿಲ್ಲ, ಅದನ್ನು ಕೇಳಲು ಸಂಕೋಚ ಬೇಡ.

ಇನ್ನು ಕಾಕಾ ಹೇಳಿದ್ದು. ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಾಡು-ಹೊಲದ ಗಿಳಿ, ಗುಡ್ಡದ ಮೈನಾ, ಮುನಿಯಾ ಹಕ್ಕಿಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಸಂತೆಯಲ್ಲಿ ತೆರೆದು ಮಾರುತ್ತಾರೆ, ಎಲ್ಲರ ಮನೆಯಲ್ಲೂ ಇದೆ ಅನ್ನುವುದು ಅದಕ್ಕೆ ಉತ್ತರ ಅಲ್ಲ. ಮರಿಯನ್ನು ಪೊಟರೆಯಿಂದ ಎತ್ತುವಾಗ ಎಷ್ಟು ಸಾಯುತ್ತವೆ ಅಂತ ಕೊಳ್ಳುವವರಿಗೆ ಕಾಣುವುದಿಲ್ಲ, ಅಷ್ಟೇ.

ಹಾಗಂತ ಹೆದರಿ ಹಕ್ಕಿಯನ್ನು ಮನೆಯಲ್ಲೇ ಸಾಯಲು ಬಿಡುವುದು ಯಾವ ನ್ಯಾಯ? ಡಾಕ್ಟರ ಮುಂದೆ ಇರುವುದನ್ನು ಇರುವ ಹಾಗೆ ಹೇಳಿ, ಪೆಟ್ಟಾದ ಪ್ರಾಣಿಗೆ ಚಿಕಿತ್ಸೆ ಕೊಡುವುದು ಅವರ ಕೆಲಸ. ಆಮೇಲೆ ಅರಣ್ಯ ಇಲಾಖೆಗೆ ನೀವೇ ತಿಳಿಸಿ, ಸಹಾಯವಾಣಿ 1926. ಅವರು ಬಂದು ಹುಡುಕುವುದಕ್ಕೂ ನೀವಾಗಿ ಹೋಗಿ ಒಪ್ಪಿಸುವುದಕ್ಕೂ ವ್ಯತ್ಯಾಸ ಇದೆ. ಹೊರಗೆ ಹಾರಿಸಿಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಪಂಜರದಲ್ಲಿದ್ದ ಗಿಳಿಗೆ ಆಹಾರ ಹುಡುಕಲೂ ಬರುವುದಿಲ್ಲ, ಗಿಡುಗದಿಂದ ತಪ್ಪಿಸಿಕೊಳ್ಳಲೂ ಬರುವುದಿಲ್ಲ. ಅಜ್ಜಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು. ಅವರು ಮಗುವಿನ ಹಾಗೆ ಸಾಕಿರುತ್ತಾರೆ. ಅಜ್ಜಿಗೆ ಹಕ್ಕಿಯ ಹಂಬಲ ಇದ್ದರೆ ಬಜರಿಗರ್ ಸಾಕಬಹುದು, ಅದು ಆಸ್ಟ್ರೇಲಿಯಾ ಮೂಲದ್ದು, ಪಂಜರದಲ್ಲೇ ಮರಿಯಾಗಿ ಬಂದದ್ದು, ಕಾನೂನಿನ ತಕರಾರಿಲ್ಲ.

ಕಾನೂನಿನ ಮಾತು ಬಂತು ಅಂತ, ವಿದೇಶಿ ಗಿಳಿ ಸಾಕಲು ನೋಂದಣಿ ಬೇಕಾ ಅಂತ ಕೇಳಿದ ಇನ್ನೊಂದು ಪತ್ರಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ಸನ್ ಕನ್ಯೂರ್, ಆಫ್ರಿಕನ್ ಗ್ರೇ, ಮಕಾವ್ ಸಾಕಿದವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬಜರಿಗರ್, ಕಾಕಟೀಲ್‌ಗೆ ಅದು ಬೇಡ.

ಪ್ರಶ್ನೆ: ಸರ್, ನಾನು ಪಾರಿವಾಳ ಸಾಕ್ತೀನಿ. ಕಾರ ಹುಣ್ಣಿಮೆ ಮುಗಿದ ಮೇಲೆ ಒಂದಕ್ಕೆ ಗಾಳಿಪಟದ ಮಾಂಜಾ ದಾರ ತಾಗಿ ಕುತ್ತಿಗೆ ಕೆಳಗೆ ಕುಯ್ದಿದೆ. ಕಾಳು ತಿಂದರೆ ಆ ತೂತಿನಿಂದ ಹೊರಗೆ ಬೀಳುತ್ತೆ, ನೀರು ಕುಡಿದರೆ ಎದೆ ಒದ್ದೆ. ಇನ್ನೊಂದರ ಕುತ್ತಿಗೆ ತಿರುಚಿಕೊಂಡಿದೆ, ಅದಕ್ಕೂ ಪೆಟ್ಟಾಗಿರಬೇಕು. ಹೊಲಿಗೆ ಹಾಕಬಹುದಾ?
— ಹಳೇ ಹುಬ್ಬಳ್ಳಿ

ಉತ್ತರ: ಒಂದಕ್ಕೆ ಹೊಲಿಗೆ, ಇನ್ನೊಂದಕ್ಕೆ ಹೊಲಿಗೆಯಿಂದ ಏನೂ ಆಗುವುದಿಲ್ಲ.

ಮೊದಲನೆಯದಕ್ಕೆ ಹರಿದಿರುವುದು ಬರೀ ಚರ್ಮ ಅಲ್ಲ. ಕುತ್ತಿಗೆಯ ಬುಡದಲ್ಲಿ ತಿಂದ ಕಾಳು ಮೊದಲು ತುಂಬಿಕೊಳ್ಳುವ ಚೀಲ ಇದೆ, ಅದು ಹರಿದಿದೆ. ಎರಡನ್ನೂ ಬೇರೆ ಬೇರೆ ಹೊಲಿಯಬೇಕು, ಮೊದಲು ಒಳಗಿನ ಚೀಲ, ಆಮೇಲೆ ಮೇಲಿನ ಚರ್ಮ. ಪಾರಿವಾಳ ಸಾಕುವವರಲ್ಲಿ ಕೆಲವರು ಮನೆಯ ಸೂಜಿ-ದಾರದಲ್ಲೇ ಚರ್ಮ ಹೊಲಿದುಬಿಡುತ್ತಾರೆ. ಹೊರಗಿನಿಂದ ನೋಡಲು ಚೆನ್ನಾಗಿರುತ್ತದೆ, ಒಳಗೆ ಕಾಳು-ನೀರು ಚರ್ಮದಡಿ ಸೋರಿ ಕೊಳೆಯುತ್ತದೆ, ವಾರದಲ್ಲಿ ಹಕ್ಕಿ ಸಾಯುತ್ತದೆ, ಆಮೇಲೆ ಹೊಲಿಗೆ ಹಾಕಿದರೆ ಪಾರಿವಾಳ ಉಳಿಯುವುದಿಲ್ಲ ಅಂತ ಮಾತು. ಸರಿಯಾಗಿ ಹೊಲಿದರೆ ಇದು ಚೆನ್ನಾಗಿ ವಾಸಿಯಾಗುವ ಗಾಯ, ನೋಡಲು ಭಯಂಕರ ಅಷ್ಟೇ. ತರುವಾಗ ಬಾಯಿಗೆ ಏನೂ ಹಾಕಬೇಡಿ. ಹೊಲಿಗೆಯಾದ ಮೇಲೆ ಕೆಲವು ದಿನ ಮೆತ್ತಗಿನ ತಿಂಡಿ, ಸ್ವಲ್ಪ ಸ್ವಲ್ಪ, ಚೀಲ ಬಿಗಿಯಾಗದ ಹಾಗೆ. ಗೂಡಿನಲ್ಲಿ ಮರಿ ಇದ್ದರೆ ಚಿಂತೆ ಬೇಡ, ಪಾರಿವಾಳದಲ್ಲಿ ಗಂಡು-ಹೆಣ್ಣು ಎರಡೂ ಮರಿಗೆ ಉಣಿಸುತ್ತವೆ, ಒಂದು ಮಲಗಿದರೆ ಇನ್ನೊಂದು ಸಂಭಾಳಿಸುತ್ತದೆ.

ಮಾಂಜಾ ರೆಕ್ಕೆಗೆ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಎಳೆದಷ್ಟೂ ಕುಯ್ಯುತ್ತದೆ. ಎರಡೂ ಕಡೆ ಕತ್ತರಿಸಿ, ಒಳಗೆ ಸಿಕ್ಕಿಕೊಂಡದ್ದನ್ನು ಹಾಗೇ ಬಿಟ್ಟು ಡಬ್ಬಿಗೆ ಹಾಕಿ ತನ್ನಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಪ್ರತಿ ಹಬ್ಬಕ್ಕೆ ಎಲ್ಲಿಂದ ಬರುತ್ತದೋ ಬರುತ್ತದೆ. ನಿಮ್ಮ ಗೆಳೆಯರಲ್ಲೇ ಯಾರಾದರೂ ಅದನ್ನು ಹಾರಿಸುತ್ತಿದ್ದರೆ ಈ ಪಾರಿವಾಳದ ಎದೆ ತೋರಿಸಿ.

ಕುತ್ತಿಗೆ ತಿರುಚಿದ್ದು ಪೆಟ್ಟಲ್ಲ ಅನ್ನುವುದು ನನ್ನ ಅನುಮಾನ. ತಲೆ ತಲೆಕೆಳಗಾಗುವುದು, ಕಾಳಿಗೆ ಕುಕ್ಕಿದರೆ ಗುರಿ ತಪ್ಪುವುದು, ಹಸಿರು ನೀರಿನಂಥ ಹಿಕ್ಕೆ, ಇವು ಇದ್ದರೆ ಅದು ಪಾರಿವಾಳದ ಪ್ಯಾರಾಮಿಕ್ಸೋ ವೈರಸ್ ರೋಗ ಇರಬಹುದು, ಕೋಳಿಯ ರಾಣಿಖೇತ್ ರೋಗದ ಹತ್ತಿರದ ನೆಂಟ. ಇವತ್ತೇ ಬೇರೆ ಗೂಡಿಗೆ ಹಾಕಿ, ನೀರಿನ ಬಟ್ಟಲು ಬೇರೆ, ಅದನ್ನು ಮುಟ್ಟಿದ ಕೈ ತೊಳೆಯದೆ ಉಳಿದವನ್ನು ಮುಟ್ಟಬೇಡಿ. ಕುತ್ತಿಗೆ ನೀವಿ ನೇರ ಮಾಡಲು ಹೋಗಬೇಡಿ. ವೈರಸ್‌ಗೆ ನೇರ ಔಷಧಿ ಇಲ್ಲ, ಆದರೆ ಆಳವಾದ ಬಟ್ಟಲಿನಲ್ಲಿ ಕಾಳು ಇಟ್ಟು, ತಿನ್ನಲಾಗದಿದ್ದರೆ ಕೈಯಿಂದ ಉಣಿಸಿ ಕೆಲವು ವಾರ ನೋಡಿಕೊಂಡರೆ ಎಷ್ಟೋ ಪಾರಿವಾಳ ಸುಧಾರಿಸುತ್ತವೆ. ಉಳಿದವಕ್ಕೆ ಲಸಿಕೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮ್ಮ ಜವಾರಿ ಕೋಳಿ ಬೈಕಿನ ಗಾಲಿಗೆ ಸಿಕ್ಕು ಕಾಲು ಮುರಿದುಕೊಂಡಿದೆ. ಮೊಮ್ಮಗಳು ಹೆಸರಿಟ್ಟು ಸಾಕಿದ್ದಾಳೆ, ಕೊಯ್ಯುವ ಮಾತೆತ್ತಿದರೆ ಊಟ ಬಿಡುತ್ತಾಳೆ. ಪಕ್ಕದೂರಲ್ಲಿ ಎಲುಬು ಕಟ್ಟುವವರು ಇದ್ದಾರೆ, ಅಲ್ಲಿಗೆ ಒಯ್ಯಲಾ?
— ರೈತರು, ಬ್ಯಾಡಗಿ ತಾಲ್ಲೂಕು

ಉತ್ತರ: ಮೊಮ್ಮಗಳ ಪರವಾಗಿ ನಾನೂ ಇದ್ದೇನೆ, ಯಜಮಾನರೇ. ಎಲುಬು ಕಟ್ಟುವವರ ಹತ್ತಿರ ಬೇಡ. ಕೋಳಿ ಕಾಲಿನಲ್ಲಿ ಹಿಂದಕ್ಕೆ ಬಾಗುವ ಮೊಣಕಾಲು ಅಂತ ನಮಗೆ ಕಾಣುವುದು ನಿಜವಾಗಿ ಅದರ ಹಿಮ್ಮಡಿಯ ಕೀಲು, ಮೊಣಕಾಲು ಮೇಲೆ ಗರಿಯೊಳಗೆ ಇರುತ್ತದೆ. ಮನುಷ್ಯರ ಲೆಕ್ಕದಲ್ಲಿ ನೇರ ಎಳೆದು ಕಟ್ಟಿದರೆ ಕೋಳಿ ಆಮೇಲೆ ಕೂರಲೂ ಆಗುವುದಿಲ್ಲ. ಕಟ್ಟು ಬಿಗಿಯಾದರೆ ಇನ್ನೂ ಕಷ್ಟ. ಬೆರಳು ಊದಿ, ತಣ್ಣಗಾಗಿ, ಕಪ್ಪಾದರೆ ಆ ಕಾಲು ಹೋಯಿತು.

1962ಕ್ಕೆ ಫೋನ್ ಮಾಡಿ ಪಶು ಚಿಕಿತ್ಸೆಯ ಗಾಡಿಗೆ ಕಾಯುವುದಕ್ಕಿಂತ, ಬುಟ್ಟಿಯಲ್ಲಿ ಹುಲ್ಲು ಹಾಸಿ ತಾಲ್ಲೂಕು ಪಶು ಆಸ್ಪತ್ರೆಗೆ ನೀವೇ ಒಯ್ಯುವುದು ಒಳ್ಳೆಯದು, ಆ ಗಾಡಿಗಳು ಮುಖ್ಯವಾಗಿ ದನಕರುಗಳಿಗೆ. ತೊಡೆಯ ಕೆಳಗಿನ ಎಲುಬಾದರೆ ಪಟ್ಟಿ ಕಟ್ಟಿ ಮೂರು ವಾರದಲ್ಲಿ ಕೂಡುತ್ತದೆ. ಗಾಯ ತೆರೆದಿದ್ದರೆ ದಿನಾ ನೊಣದ ಮೊಟ್ಟೆ, ಹುಳು ಇದೆಯಾ ನೋಡಿ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಫಿನಾಯಿಲ್ ಮಾತ್ರ ಕೋಳಿಗೆ ಹಾಕಬೇಡಿ. ಮೊಟ್ಟೆ ಇಡುತ್ತಿದ್ದರೆ ಸುಣ್ಣದ ಅಂಶ ಬೇಕು, ಮೊಟ್ಟೆಯ ಚಿಪ್ಪಿಗೆ ಕೋಳಿ ಅದನ್ನು ತನ್ನ ಎಲುಬಿನಿಂದಲೂ ತೆಗೆಯುತ್ತದೆ. ಚಿಪ್ಪನ್ನು ಕುದಿಸಿ ಒಣಗಿಸಿ ಪುಡಿ ಮಾಡಿ ಮೇವಿನಲ್ಲಿ ಕೊಡಿ. ಆ್ಯಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರನ್ನು ಕೇಳಿಕೊಳ್ಳಿ, ಇದನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಹಕ್ಕಿಗೆ ನೋವಾದಾಗ ನಮ್ಮ ನೋವಿನ ಮಾತ್ರೆಯ ಚೂರು ನೀರಲ್ಲಿ ಕರಗಿಸಿ ಕೊಡಬಹುದಾ?
— ರಾಣೇಬೆನ್ನೂರು

ಉತ್ತರ: ಬೇಡವೇ ಬೇಡ. ನಮ್ಮ ದೇಶದಲ್ಲಿ ರಣಹದ್ದುಗಳು ಹೇಗೆ ಸತ್ತವು ಗೊತ್ತಲ್ವಾ? ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಅದೇ ಔಷಧಿ ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಸೊಂಟನೋವಿಗೆ ಅಂತ ಇರಬಹುದು. 35 ಗ್ರಾಂ ಹಕ್ಕಿಗೆ ಮಾತ್ರೆಯ ಚೂರು ಎಷ್ಟು ಅಂತ ಯಾರೂ ಲೆಕ್ಕ ಹಾಕಿ ಕತ್ತರಿಸಲು ಆಗುವುದಿಲ್ಲ.

ಪ್ರಶ್ನೆ: ಎಲ್ಲೂ ಬಡಿಯದಿರಲಿ ಅಂತ ರೆಕ್ಕೆಯ ಗರಿ ಕತ್ತರಿಸುವುದು ಸರಿಯಾ?
— ನವನಗರ, ಹುಬ್ಬಳ್ಳಿ

ಉತ್ತರ: ನನಗೆ ಇಷ್ಟವಿಲ್ಲ. ಒಂದೇ ಬದಿ ಕತ್ತರಿಸಿದರೆ ಹಾರಲು ಹೋಗಿ ಸುತ್ತಿ ಬಿದ್ದು ಎದೆಯ ಎಲುಬು ಒಡೆದುಕೊಳ್ಳುತ್ತವೆ, ಅಂಥವು ನಮ್ಮ ಹತ್ತಿರ ಬರುತ್ತಲೇ ಇರುತ್ತವೆ. ಬೆಳೆಯುತ್ತಿರುವ ಗರಿ ಕತ್ತರಿಸಿದರೆ ರಕ್ತ. ಮಾಡಿಸಲೇಬೇಕಾದರೆ ಎರಡೂ ಬದಿ ಸಮನಾಗಿ, ಗೊತ್ತಿದ್ದವರಿಂದ ಮಾಡಿಸಿ. ಗರಿ ಉದುರಿ ಹೊಸದು ಬಂದಾಗ ಮತ್ತೆ ಹಾರುತ್ತದೆ, ಕಿಟಕಿಗೆ ಜಾಲರಿ ಹೇಗೂ ಬೇಕು.

ಪ್ರಶ್ನೆ: ನಮ್ಮ ಐದು ವರ್ಷದ ಬಜರಿಗರ್ ಒಂದು ಕಾಲು ಎತ್ತಿಕೊಂಡೇ ಕೂರುತ್ತದೆ, ಹಿಡಿತ ಇಲ್ಲ. ಬಿದ್ದದ್ದು ಯಾರೂ ನೋಡಿಲ್ಲ. ಪಟ್ಟಿ ಹಾಕಿಸಬೇಕಾ?
— ಲಕ್ಷ್ಮೇಶ್ವರ

ಉತ್ತರ: ಪಟ್ಟಿ ಹಾಕಿಸುವ ಮೊದಲು ಅದು ಪೆಟ್ಟೇ ಹೌದಾ ನೋಡಬೇಕು. ಈ ವಯಸ್ಸಿನ ಬಜರಿಗರ್‌ಗಳಲ್ಲಿ ಮೂತ್ರಪಿಂಡದ ಗಡ್ಡೆ ಬರುವುದುಂಟು. ಕಾಲಿನ ನರ ಅದರ ಪಕ್ಕದಲ್ಲೇ ಹಾದುಹೋಗುವುದರಿಂದ ಗಡ್ಡೆ ಒತ್ತಿ ಒಂದು ಕಾಲು ಸೋಲುತ್ತದೆ, ನೋಡುವವರಿಗೆ ಉಳುಕಿದ ಹಾಗೆ ಕಾಣುತ್ತದೆ. ಗೌಟ್ ಅನ್ನುವ ಕೀಲಿನ ರೋಗ ಆದರೂ ಕುಂಟುತ್ತದೆ, ಆಗ ಕೀಲಿನಲ್ಲಿ ಬಿಳಿ ಗಂಟು ಕಾಣುತ್ತದೆ. ಹೆಣ್ಣಾಗಿದ್ದು ಹೊಟ್ಟೆ ಊದಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು, ಅದಂತೂ ಆವತ್ತೇ ನೋಡಬೇಕಾದ್ದು. ಗಡ್ಡೆ ಆದರೆ ಗುಣ ಮಾಡುವ ಮಾತು ಕೊಡಲಾರೆ, ನೋವು ಕಡಿಮೆ ಮಾಡಿ ಇರುವಷ್ಟು ದಿನ ಆರಾಮ ಇಡಬಹುದು. ಎಕ್ಸ್‌ರೇ ಇರುವ ಕಡೆ ಹೋಗಿ. ಹೋಗುವಾಗ ಪಂಜರದ ತಳದ ಕಾಗದವನ್ನು ಹಿಂದಿನ ದಿನದ್ದೇ ಮಡಚಿ ಒಯ್ಯಿರಿ, ಡಾಕ್ಟರಿಗೆ ಹಿಕ್ಕೆ ನೋಡಬೇಕಿರುತ್ತದೆ.